ಹಳೇ ಎಸಿ ಉಳಿಯಿತು, ಹೊಸದು ಹೋಯಿತು

ಮುಂಬೈಯ ಮಾಹಿಮ್‌ನ ನಮ್ಮ ಫ್ಲ್ಯಾಟಿನಲ್ಲಿ ಎರಡು ಎಸಿ ಇವೆ. ಹಾಲ್‌ನಲ್ಲಿರುವುದು 2012ರದ್ದು. ಒಂದೂವರೆ ಟನ್, ಇನ್ವರ್ಟರ್ (ಬೇಕಾದ ತಂಪಿಗೆ ತಕ್ಕ ಹಾಗೆ ವೇಗ ಬದಲಿಸುವಂಥದ್ದು) ಅಲ್ಲ, ಒಳಗೆ ತಂಪು ಮಾಡುವ ಗ್ಯಾಸ್ ಆರ್-22. ಮಲಗುವ ಕೋಣೆಯದ್ದು 2019ರದ್ದು. ಒಂದು ಟನ್, ಇನ್ವರ್ಟರ್, ಗ್ಯಾಸ್ ಆರ್-32. ಈ ಬೇಸಿಗೆಯಲ್ಲಿ ಎರಡೂ ಒಟ್ಟಿಗೇ ಕೈಕೊಟ್ಟವು. ಹಾಲ್‌ನದ್ದು ಬರೀ ಗಾಳಿ ಬೀಸುತ್ತಿತ್ತು, ತಂಪೇ ಇಲ್ಲ. ಕೋಣೆಯದ್ದು ರಾತ್ರಿಯೆಲ್ಲ ಓಡಿದರೂ ಮೈ ಬೆವರು ಆರುತ್ತಿರಲಿಲ್ಲ.

ಏರಿಯಾದ ಮೆಕ್ಯಾನಿಕ್ ಬಂದ. ಹಾಲ್‌ನದ್ದನ್ನು ಆನ್ ಮಾಡಿ ಸದ್ದು ಕೇಳಿದ. ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ಹೋಗಿದೆ, ಇಷ್ಟು ಹಳೇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ ಅಂದ. ಕೋಣೆಯದ್ದಕ್ಕೆ 'ಗ್ಯಾಸ್ ಕಮ್ ಹೈ, ಭರ್ ದೇತಾ ಹೂಂ' (ಗ್ಯಾಸ್ ಕಮ್ಮಿ ಇದೆ, ತುಂಬಿಸ್ತೇನೆ) ಅಂದ. ಕೇಳಿದರೆ ನ್ಯಾಯವಾದ ಮಾತೇ. ಹಳೇದನ್ನು ಬಿಸಾಡು, ಹೊಸದನ್ನು ಉಳಿಸಿಕೋ. ಆದರೆ ಮನುಷ್ಯ ಬ್ಯಾಗಿನಿಂದ ಮೀಟರ್ ತೆಗೆದಿರಲೇ ಇಲ್ಲ. ಅಳತೆ ಇಲ್ಲದೆ ಕೊಟ್ಟ ತೀರ್ಪಿಗೆ ನಲವತ್ತು ಸಾವಿರ ಸುರಿಯೋಕೆ ನನಗೆ ಮನಸ್ಸಾಗಲಿಲ್ಲ.

ನನ್ನ ಅಕ್ಕನ ಗಂಡ, ಭಾವ, ಹೋಟೆಲ್‌ಗಳ ಕೋಲ್ಡ್ ರೂಮು, ಡೀಪ್ ಫ್ರೀಜರ್ ನೋಡಿಕೊಳ್ಳುವ ಕೆಲಸದಲ್ಲಿ ಬಹಳ ವರ್ಷ ಇದ್ದವರು. ಉಡುಪಿ ಕಡೆಯವರು. ಫೋನ್ ಮಾಡಿದೆ. ಭಾನುವಾರ ಬರ್ತೇನೆ, ಅಲ್ಲಿವರೆಗೆ ಯಾರ ಕೈಲೂ ಗ್ಯಾಸ್ ಹಾಕಿಸಬೇಡ ಅಂದರು. ಹಾಲ್‌ನದ್ದರ ಕೆಪಾಸಿಟರ್ (ಕಂಪ್ರೆಸರ್ ಮೋಟಾರ್ ತಿರುಗಲು ನೆರವಾಗುವ ಬಿಡಿಭಾಗ) ನೋಡೋಕೆ ನೀನೇ ಸಾಕು, ನಾನು ಯಾಕೆ ಅಂತಲೂ ಅಂದರು.

ಹಾಲ್‌ನದ್ದು: ಸತ್ತದ್ದು ಯಾವುದು?

ಹಾಲ್‌ನ ಔಟ್‌ಡೋರ್ ಯುನಿಟ್ ನಮ್ಮ ಬಾಲ್ಕನಿಯ ಒಳಗೇ ಇದೆ. ಆದ್ದರಿಂದ ಅದಕ್ಕೆ ನಾನು ಕೈಹಾಕಿದೆ. ಕಿಟಕಿಯ ಹೊರಗೆ ಬ್ರ್ಯಾಕೆಟ್ ಮೇಲೆ ನೇತಾಡುವ ಯುನಿಟ್‌ಗೆ ಹೀಗೆ ಕೈಹಾಕಬಾರದು. ಅದು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಕೆಲಸ ಮಾಡುವವರ ಪಾಲಿನದ್ದು.

ಲಕ್ಷಣ ಹೀಗಿತ್ತು. ಔಟ್‌ಡೋರ್ ಫ್ಯಾನ್ ತಿರುಗುತ್ತದೆ. ಕಂಪ್ರೆಸರ್ 'ಹೂಂ' ಅಂತ ಗುಂಯ್‌ಗುಡುತ್ತದೆ. ಕೆಲವು ಸೆಕೆಂಡಿನಲ್ಲಿ ಟಕ್ ಅಂತ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ಈ ಟಕ್ ಅನ್ನೋದು ಓವರ್‌ಲೋಡ್ ಪ್ರೊಟೆಕ್ಟರ್. ಕಂಪ್ರೆಸರ್ ತಿರುಗಲು ಹೋಗಿ ಆಗದೆ, ಕರೆಂಟ್ ಜಾಸ್ತಿ ಎಳೆದು ಬಿಸಿಯಾದಾಗ ಅದು ದಾರಿ ಕಡಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಕೂಡಿಸುತ್ತದೆ. ಮೆಕ್ಯಾನಿಕ್ ಕೇಳಿದ್ದೂ ಇದೇ ಸದ್ದು. ಕಂಪ್ರೆಸರ್ ಒಳಗೇ ಜಾಮ್ ಆಗಿದ್ದರೂ ಇದೇ ಸದ್ದು ಬರುತ್ತದೆ, ನಿಜ. ಆದರೆ ಕೆಪಾಸಿಟರ್ ಸತ್ತರೂ ಬರುವುದು ಇದೇ ಸದ್ದು. ಒಂದಕ್ಕೆ ಹತ್ತು ಹದಿನೈದು ಸಾವಿರ, ಇನ್ನೊಂದಕ್ಕೆ ನಾಲ್ಕುನೂರರ ಒಳಗೆ.

ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿದೆ. ಯಾರೂ ಮುಟ್ಟದಿರಲಿ ಅಂತ ಅದರ ಮೇಲೆ ಟೇಪ್ ಹಚ್ಚಿದೆ. ಔಟ್‌ಡೋರ್‌ನ ಬದಿಯ ತಗಡು ಬಿಚ್ಚಿದರೆ ಬೆಳ್ಳಗಿನ ಡಬ್ಬಿಯ ಹಾಗೆ ಕಾಣುವುದೇ ಕೆಪಾಸಿಟರ್. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಮುಟ್ಟಿದರೆ ಚುರ್ ಅಂತ ಹೊಡೆಯುವುದಷ್ಟೇ ಅಲ್ಲ, ಅಪಾಯ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವವರಿದ್ದಾರೆ. ಭಾವ ಕಲಿಸಿದ್ದು ಬೇರೆ. ಹಳೇ ಕಾಲದ ಬಲ್ಬನ್ನು ಹೋಲ್ಡರ್‌ಗೆ ಹಾಕಿ, ಇನ್ಸುಲೇಷನ್ ಇರುವ ಎರಡು ವೈರಿನ ತುದಿಯನ್ನು ಎರಡು ಟರ್ಮಿನಲ್‌ಗೆ ತಾಗಿಸುವುದು. ಚಾರ್ಜ್ ಇದ್ದರೆ ಬಲ್ಬ್ ಒಮ್ಮೆ ಮಿಣುಕಿ ಆರುತ್ತದೆ. ನಮ್ಮದು ಮಿಣುಕಲೇ ಇಲ್ಲ. ಆದರೂ ಮೀಟರಿನಲ್ಲಿ ವೋಲ್ಟ್ ಸೊನ್ನೆ ಅಂತ ನೋಡಿದ ಮೇಲೇ ಕೈ ಹಾಕಿದೆ. ಇನ್ವರ್ಟರ್ ಎಸಿಯ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್) ಮೇಲಿನ ಕೆಪಾಸಿಟರ್‌ಗಳ ಕಥೆ ಬೇರೆ. ಅಲ್ಲಿ ಮುನ್ನೂರು ವೋಲ್ಟ್ ಮೇಲಿನ ಡಿಸಿ ನಿಂತಿರುತ್ತದೆ. ಮನೆಯಲ್ಲಿ ಕಲಿತವರು ಅದರ ಹತ್ತಿರ ಹೋಗಲೇಬಾರದು.

ಡಬ್ಬಿಯ ತಲೆ ಸ್ವಲ್ಪ ಉಬ್ಬಿತ್ತು. ಬೆರಳು ಸವರಿದರೆ ಗೊತ್ತಾಗುವಷ್ಟು. ಮೇಲೆ ಬರೆದದ್ದು 45 ಮೈಕ್ರೋಫ್ಯಾರಡ್, ಪ್ಲಸ್ ಮೈನಸ್ 5 ಪರ್ಸೆಂಟ್. ಮೀಟರ್ ತೋರಿಸಿದ್ದು 9. ಇಷ್ಟರಲ್ಲಿ ಕಂಪ್ರೆಸರ್ ಎದ್ದು ನಿಲ್ಲೋದಾದರೂ ಹೇಗೆ?

ಕೆಪಾಸಿಟರ್ ಸತ್ತಿದೆ ಅಂದ ಮಾತ್ರಕ್ಕೆ ಕಂಪ್ರೆಸರ್ ಬದುಕಿದೆ ಅಂತ ಅರ್ಥವಲ್ಲ. ಒದ್ದಾಡಿ ಒದ್ದಾಡಿ ಒಳಗಿನ ವೈಂಡಿಂಗ್ (ಮೋಟಾರಿನ ತಂತಿಸುತ್ತು) ಸುಟ್ಟಿರಬಹುದು. ಅದಕ್ಕೂ ಅಳತೆ ಇದೆ. ಕಂಪ್ರೆಸರ್ ತಲೆಯ ಮೇಲೆ ಮೂರು ಪಿನ್: ಕಾಮನ್, ರನ್, ಸ್ಟಾರ್ಟ್. ವೈರು ಬಿಚ್ಚಿ ಎರಡೆರಡರ ನಡುವೆ ಓಮ್ ನೋಡಿದೆ. ಕಾಮನ್‌ನಿಂದ ರನ್‌ಗೆ 2.1, ಕಾಮನ್‌ನಿಂದ ಸ್ಟಾರ್ಟ್‌ಗೆ 3.4, ರನ್‌ನಿಂದ ಸ್ಟಾರ್ಟ್‌ಗೆ 5.5. ಮೊದಲ ಎರಡು ಕೂಡಿದರೆ ಮೂರನೆಯದು ಬರಬೇಕು. ಬಂತು. ಯಾವ ಪಿನ್‌ನಿಂದಲೂ ತಗಡಿನ ಮೈಗೆ ಸಂಪರ್ಕ ಇರಬಾರದು. ಇರಲಿಲ್ಲ. ಭಾನುವಾರ ಭಾವ 500 ವೋಲ್ಟಿನ ಮೆಗರ್ ತಂದು ಇದನ್ನು ಇನ್ನೊಮ್ಮೆ ನೋಡಿದರು. ಸಾಧಾರಣ ಮೀಟರಿನ ಸಣ್ಣ ಬ್ಯಾಟರಿಗೆ ಕಾಣದ ಸೋರಿಕೆ ಮೆಗರ್‌ಗೆ ಕಾಣುತ್ತದಂತೆ. ಕಾಣಲಿಲ್ಲ.

ಕೆಪಾಸಿಟರ್ ಲ್ಯಾಮಿಂಗ್ಟನ್ ರೋಡಿನಲ್ಲಿ ತಂದೆ. ಗ್ರ್ಯಾಂಟ್ ರೋಡ್ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಮೈಕ್ರೋಫ್ಯಾರಡ್ ಅದೇ ಇರಬೇಕು. ವೋಲ್ಟೇಜ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಮಾತ್ರ ಬೇಡ. 350 ರೂಪಾಯಿ. ಅಂಗಡಿಯವನು ಅಲ್ಲೇ ಮೀಟರ್ ಹಚ್ಚಿ 45.6 ತೋರಿಸಿ ಕೊಟ್ಟ. ತೋರಿಸದಿದ್ದರೆ ಕೇಳಿ ನೋಡಿಸಿಕೊಳ್ಳಿ. ಹೊಸ ಡಬ್ಬಿಯಲ್ಲೂ ಸೊರಗಿದ ಮಾಲು ಇರುತ್ತದೆ.

ಹಾಕಿ ಎಂಸಿಬಿ ಏರಿಸಿದೆ. ಗುಂಯ್‌ಗುಡಲಿಲ್ಲ. ಒಂದೇ ಏಟಿಗೆ ಎದ್ದಿತು. ಕ್ಲ್ಯಾಂಪ್ ಮೀಟರಿನಲ್ಲಿ 7.4 ಆಂಪಿಯರ್ ಅಂತ ನಿಂತಿತು. ತಗಡಿನ ಮೇಲಿನ ಚೀಟಿಯಲ್ಲಿ ಬರೆದದ್ದು 7.8. ಕಾಲು ಗಂಟೆ ಓಡಿದ ಮೇಲೆ ಅಡುಗೆಮನೆಯ ಕಡ್ಡಿ ಥರ್ಮಾಮೀಟರನ್ನು ಇಂಡೋರ್ ಯುನಿಟ್‌ನ ಮೇಲ್ಗಡೆ, ಗಾಳಿ ಒಳಗೆ ಹೋಗುವಲ್ಲಿ ಹಿಡಿದೆ. 29 ಡಿಗ್ರಿ. ಗಾಳಿ ಹೊರಗೆ ಬರುವಲ್ಲಿ 18.5. ಹತ್ತೂವರೆ ಡಿಗ್ರಿ ವ್ಯತ್ಯಾಸ. ಮುಂಬೈಯಂಥ ತೇವದ ಊರಿನಲ್ಲಿ ಎಂಟರಿಂದ ಹನ್ನೆರಡು ಬಂದರೆ ಯಂತ್ರ ಸರಿಯಾಗಿದೆ ಅಂತಲೇ ಲೆಕ್ಕ. ಇಲ್ಲಿ ಶಕ್ತಿಯ ದೊಡ್ಡ ಪಾಲು ಗಾಳಿಯಲ್ಲಿರುವ ನೀರನ್ನು ಹಿಂಡುವುದಕ್ಕೇ ಹೋಗುತ್ತದೆ. ಆದ್ದರಿಂದ ಒಣ ಹವೆಯ ಊರಿನವರು ಹೇಳುವ ಅಂಕಿ ನಮಗೆ ಸಿಗುವುದಿಲ್ಲ.

ಗ್ಯಾಸ್ ಪ್ರೆಶರ್ ನೋಡೋಣವಾ ಅಂತ ಭಾವನನ್ನು ಕೇಳಿದೆ.

"ಎಂತಕ್ಕೆ? ಆಂಪಿಯರ್ ಸರಿ ಉಂಟು, ತಂಪು ಸರಿ ಉಂಟು. ಗೇಜ್ ಹಚ್ಚಿ ತೆಗೆದಾಗೆಲ್ಲ ಚೂರು ಗ್ಯಾಸ್ ಹೊರಗೆ ಹೋಗ್ತದೆ. ಆಮೇಲೆ ಗೇಜ್ ಹಚ್ಚುವ ಪಿನ್ನೇ ಲೀಕ್ ಶುರುವಾಗ್ತದೆ. ಸುಮ್ನೆ ಇರುವ ನಾಯಿಯನ್ನು ಎಬ್ಬಿಸ್ಬೇಡ ಮಾರಾಯ್ತಿ."

ಹದಿನಾಲ್ಕು ವರ್ಷವಾಗುತ್ತಾ ಬಂದ ಯಂತ್ರದಲ್ಲಿ ಕಾರ್ಖಾನೆಯಲ್ಲಿ ತುಂಬಿದ ಗ್ಯಾಸೇ ಇನ್ನೂ ಇದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. 'ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು' ಅನ್ನೋದು ನಮ್ಮ ಬಿಲ್ಡಿಂಗ್‌ನಲ್ಲಿ ಎಲ್ಲರೂ ನಂಬಿರುವ ಮಾತು. ಎಸಿ ಗ್ಯಾಸ್ ಅಂದರೆ ಅಡುಗೆ ಸಿಲಿಂಡರ್ ಅಲ್ಲ, ಉರಿದು ಖಾಲಿಯಾಗುವುದಕ್ಕೆ. ಮುಚ್ಚಿದ ಪೈಪಿನೊಳಗೆ ಅದು ಸುತ್ತುತ್ತಲೇ ಇರುತ್ತದೆ. ಒಳಗೆ ಆವಿಯಾಗಿ ಶಾಖ ಹೀರುತ್ತದೆ, ಹೊರಗೆ ದ್ರವವಾಗಿ ಶಾಖ ಬಿಡುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ತುಂಬಿಸುವುದು ದುಡ್ಡನ್ನು ಅದೇ ತೂತಿಗೆ ಹಾಕಿದ ಹಾಗೆ.

ಅದಕ್ಕೆ ಹೊಸದು ಯಾಕೆ ಬೇಡ

ಸರಿ, ಓಡಿತು. ಆದರೆ ಹಳೇ ಎಸಿ ಕರೆಂಟ್ ತಿನ್ನುತ್ತದೆ, ಹೊಸ ಐದು ಸ್ಟಾರ್ ಹಾಕಿದರೆ ಬಿಲ್ಲಿನಲ್ಲೇ ದುಡ್ಡು ವಾಪಸ್ ಅಂತ ಯಜಮಾನರ ವಾದ. ಕಾಗದ ಪೆನ್ನು ಹಿಡಿದು ಕೂತೆವು.

ಹಾಲ್‌ನದ್ದರ ಕೂಲಿಂಗ್ 5,200 ವಾಟ್, ಲೇಬಲ್ ಮೇಲಿನ ಇಇಆರ್ (ಎಳೆಯುವ ಪ್ರತಿ ವಾಟ್ ಕರೆಂಟಿಗೆ ಕೊಡುವ ತಂಪು) 2.95. ಅಂದರೆ ಓಡುವಾಗ ಸುಮಾರು 1.75 ಕಿಲೋವಾಟ್ ಎಳೆಯುತ್ತದೆ. ಐಎಸ್‌ಇಇಆರ್ (ಅದೇ ಅಳತೆಯ ಹೊಸ ರೂಪ) 5 ಇರುವ ಹೊಸದು ಅಷ್ಟೇ ತಂಪಿಗೆ ಸರಾಸರಿ ಒಂದು ಕಿಲೋವಾಟ್ ಚಿಲ್ಲರೆ. ಇವೆರಡು ಅಂಕಿಗಳನ್ನು ಅಳೆಯುವ ರೀತಿ ಬೇರೆ ಬೇರೆ. ಹಳೇದು ಒಂದೇ ಉಷ್ಣಾಂಶದಲ್ಲಿ ಅಳೆದದ್ದು, ಹೊಸದು ಇಡೀ ಸೀಸನ್ನಿನ ಸರಾಸರಿ. ಅಂದಾಜಿಗೆ ಸಾಕು ಅಷ್ಟೇ. ಗಂಟೆಗೆ ಮುಕ್ಕಾಲು ಯುನಿಟ್‌ಗಿಂತ ಸ್ವಲ್ಪ ಕಡಿಮೆ ಉಳಿತಾಯ.

ಆದರೆ ಹಾಲ್‌ನ ಎಸಿ ಓಡುವುದೆಷ್ಟು? ಏಪ್ರಿಲ್ ಮೇ ತಿಂಗಳ ಸಂಜೆ, ನೆಂಟರು ಬಂದಾಗ, ಮನೆಯಲ್ಲಿ ಪೂಜೆ ಇದ್ದಾಗ. ಕೈಬಿಚ್ಚಿ ಲೆಕ್ಕ ಹಾಕಿದರೂ ವರ್ಷಕ್ಕೆ 200 ಗಂಟೆ. ಯುನಿಟ್‌ಗೆ ಎಲ್ಲ ಸೇರಿ 12 ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ 1,700 ರೂಪಾಯಿ ಉಳಿಯುತ್ತದೆ. ಹೊಸ ಒಂದೂವರೆ ಟನ್, ಪೈಪು, ಬ್ರ್ಯಾಕೆಟ್, ಕೂಲಿ ಎಲ್ಲ ಸೇರಿ 45,000. ದುಡ್ಡು ವಾಪಸ್ ಬರಲು ಇಪ್ಪತ್ತಾರು ವರ್ಷ. ಯಜಮಾನರು ಪೆನ್ನಿನ ಕ್ಯಾಪ್ ಮುಚ್ಚಿದರು.

ಒಂದು ಷರತ್ತು ಮಾತ್ರ ಹಾಕಿಕೊಂಡಿದ್ದೇವೆ. ಆರ್-22 ಓಝೋನ್ ಪದರಕ್ಕೆ ಕೆಟ್ಟದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಹಾದಿಯಲ್ಲಿ ಅದು ಹಂತ ಹಂತವಾಗಿ ಮರೆಯಾಗುತ್ತಿದೆ. ಹೊಸ ಎಸಿಗಳಲ್ಲಿ ಬರುವುದಿಲ್ಲ. ರಿಪೇರಿಗೆ ಸಿಗುತ್ತದೆ, ಆದರೆ ಸಿಗುವ ಮಾಲು ಶುದ್ಧ ಅಂತ ನಂಬಿಕೆ ಇಲ್ಲ ಅಂತಾರೆ ಭಾವ. ಅದರ ಜಾಗಕ್ಕೆ ಆರ್-32 ತುಂಬುವುದಂತೂ ಆಗದ ಮಾತು. ಪ್ರೆಶರ್ ಬಹಳ ಜಾಸ್ತಿ, ಕಂಪ್ರೆಸರಿನ ಎಣ್ಣೆಯೂ ಬೇರೆ. ಆದ್ದರಿಂದ ಹಾಲ್‌ನದ್ದಕ್ಕೆ ಕೆಪಾಸಿಟರ್, ಫ್ಯಾನ್ ಮೋಟಾರ್, ರಿಲೇ ಎಷ್ಟು ಬೇಕಾದರೂ ಹಾಕುತ್ತೇವೆ. ಗ್ಯಾಸ್ ಸೋರಿದ ದಿನ ಅದರ ಕಥೆ ಮುಗಿಯಿತು.

ಬ್ರ್ಯಾಕೆಟ್ ಮಾತ್ರ ಬದಲಿಸಿದೆವು. ಮಾಹಿಮ್‌ನ ಉಪ್ಪುಗಾಳಿಗೆ ಬೋಲ್ಟುಗಳು ಪದರ ಪದರವಾಗಿ ಎದ್ದಿದ್ದವು, ಸ್ಪ್ಯಾನರ್ ಹಾಕಿದರೆ ನಟ್ಟೇ ಪುಡಿಯಾಗಿ ಕೈಗೆ ಬಂತು. ಕಂಡೆನ್ಸರ್‌ನ (ಔಟ್‌ಡೋರ್‌ನಲ್ಲಿ ಶಾಖ ಬಿಡುವ ಪೈಪಿನ ಜಾಲದ) ಅಲ್ಯೂಮಿನಿಯಂ ಫಿನ್ (ತೆಳು ಪಟ್ಟಿ) ಕೂಡ ಒಂದು ಮೂಲೆಯಲ್ಲಿ ಹಿಟ್ಟಾಗಿದೆ. ಅದಕ್ಕೆ ಮಾಡುವಂಥದ್ದೇನೂ ಇಲ್ಲ. ಜೆಟ್ ಪಂಪಿನವರು ಬಂದಾಗ ಆ ಮೂಲೆಗೆ ಜೋರು ನೀರು ಹೊಡೆಯಬೇಡಿ ಅಂತ ನಿಂತು ಹೇಳಬೇಕು.

ಕೋಣೆಯದ್ದು: ತೂತು ಎಲ್ಲಿ?

ಇದು ದಿನಾ ರಾತ್ರಿ ಓಡುವ ಯಂತ್ರ. ಎರಡು ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ತುಂಬಿಸಿಕೊಂಡಿತ್ತು. ಎರಡೂ ಸಲ ಬಂದವರು 'ನಟ್ ಢೀಲಾ ಥಾ' ಅಂತ ಹೇಳಿ ನಟ್ ಬಿಗಿ ಮಾಡಿ ಹೋಗಿದ್ದರು. ಸರ್ವೀಸ್ ಕೂಡ ಆಗಿತ್ತು, ಫಿಲ್ಟರ್ ಚೊಕ್ಕವಾಗಿತ್ತು. ಮುಚ್ಚಳ ತೆಗೆದು ನೋಡಿದರೆ ಕೂಲಿಂಗ್ ಕಾಯಿಲ್‌ನ (ಗ್ಯಾಸ್ ಹರಿದು ತಂಪಾಗುವ ಪೈಪಿನ ಸುತ್ತುಗಳ) ಒಂದು ತುದಿಯಲ್ಲಿ ಮಾತ್ರ ಮಂಜು ಕಟ್ಟಿತ್ತು, ಉಳಿದದ್ದು ಒಣಗಿತ್ತು. ಫಿಲ್ಟರ್ ಕೊಳೆಯಾಗಿದ್ದರೆ ಸಾಮಾನ್ಯವಾಗಿ ಕಾಯಿಲ್ ಪೂರ್ತಿ ಮಂಜಾಗುತ್ತದೆ. ಹೀಗೆ ತುದಿಯಲ್ಲಿ ಮಾತ್ರ ಆದರೆ ಗ್ಯಾಸ್ ಕಮ್ಮಿ. ಅಷ್ಟರ ಮಟ್ಟಿಗೆ ಮೆಕ್ಯಾನಿಕ್ ಹೇಳಿದ್ದು ಸರಿಯೇ.

ಭಾವ ಬಂದರು. ಜೊತೆಗೆ ಸಣ್ಣ ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್, ರಿಕವರಿ ಮೆಷಿನ್, ತೂಕದ ಯಂತ್ರ, ಮತ್ತು ಹೊರಗಿನ ಕೆಲಸಕ್ಕೆ ಬೆಲ್ಟ್ ಕಟ್ಟಿಕೊಂಡ ಒಬ್ಬ ಹುಡುಗ. ಮೊದಲು ಇದ್ದ ಗ್ಯಾಸನ್ನು ತೆಗೆದು ಖಾಲಿ ಸಿಲಿಂಡರಿಗೆ ತುಂಬಿಕೊಂಡರು. ಪಂಪ್ ಡೌನ್ ಮಾಡಿ ಔಟ್‌ಡೋರ್‌ನಲ್ಲೇ ಕೂಡಿಡಬಹುದಲ್ವಾ ಅಂತ ಕೇಳಿದೆ. ಲೀಕ್ ಇರುವ ಯಂತ್ರದಲ್ಲಿ ಅದನ್ನು ಮಾಡಲೇಬಾರದಂತೆ. ತೂತಿನಿಂದ ಗಾಳಿ ಒಳಗೆ ಎಳೆದುಕೊಂಡರೆ, ಎಣ್ಣೆ, ಗಾಳಿ, ಒತ್ತಡ ಮೂರೂ ಸೇರಿ ಕಂಪ್ರೆಸರ್ ಸಿಡಿಯುವ ಸಾಧ್ಯತೆ ಇದೆ. ಮೇಲಾಗಿ ಆರ್-32 ಸ್ವಲ್ಪ ಬೆಂಕಿ ಹಿಡಿಯುವ ಗ್ಯಾಸ್. ತೂಕ ನೋಡಿದರೆ 410 ಗ್ರಾಂ. ಚೀಟಿಯಲ್ಲಿ ಇರಬೇಕಾದದ್ದು 750.

ಆಮೇಲೆ ನೈಟ್ರೋಜನ್ ಬಿಟ್ಟರು. ನಿಧಾನಕ್ಕೆ, 50, 100, 150, ಹೀಗೆ 250 ಪಿಎಸ್‌ಐ (ಒತ್ತಡದ ಅಳತೆ) ವರೆಗೆ. ನೈಟ್ರೋಜನ್ ಒಣ ಗ್ಯಾಸ್, ಉರಿಯುವುದಿಲ್ಲ, ಅಗ್ಗ. ತೂತು ಹುಡುಕಲು ಬೆಲೆಬಾಳುವ ಗ್ಯಾಸ್ ಯಾಕೆ ಹಾಳು ಮಾಡಬೇಕು? ಗೇಜಿನ ಮುಳ್ಳಿನ ಜಾಗಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದರು. ಕಾಫಿ ಕುಡಿದು ಬರುವಷ್ಟರಲ್ಲಿ ಮುಳ್ಳು ಗೆರೆಯಿಂದ ಕೆಳಗಿಳಿದಿತ್ತು.

ನಟ್‌ಗಳಿಗೆ ಮೊದಲು ಸೋಪಿನ ನೀರು ಹಚ್ಚಿದರು. ಪಾತ್ರೆ ತೊಳೆಯುವ ಲಿಕ್ವಿಡ್, ಸ್ವಲ್ಪ ನೀರು, ಒಂದು ಪೇಂಟ್ ಬ್ರಷ್. ಹೊರಗಿನ ನಾಲ್ಕೂ ನಟ್ ನೋಡಿಯಾಯಿತು. ಗುಳ್ಳೆ ಇಲ್ಲ. ಎರಡು ವರ್ಷದಿಂದ ಬೈಸಿಕೊಂಡ ನಟ್‌ಗಳು ನಿರಪರಾಧಿ. ಆಮೇಲೆ ಇಂಡೋರ್‌ನ ಮುಚ್ಚಳ, ಟ್ರೇ, ಬ್ಲೋವರ್ ಎಲ್ಲ ಬಿಚ್ಚಿ ಕಾಯಿಲ್ ಬರಿದು ಮಾಡಿದರು. ಟಾರ್ಚ್ ಹಾಕಿದೆ. ಕಾಯಿಲ್‌ನ ಪಕ್ಕದಲ್ಲಿ ಪೈಪುಗಳು ಬಾಗಿ ತಿರುಗುವ ಯು ಬೆಂಡ್‌ಗಳಿವೆ. ತಾಮ್ರದ ಬಣ್ಣ ಇರಬೇಕಾದಲ್ಲಿ ಕಾಡಿಗೆ ಕಪ್ಪು. ಬ್ರಷ್‌ನಿಂದ ನೊರೆ ಹಚ್ಚಿದರು. ಮೇಲಿನಿಂದ ಮೂರನೆಯ ಬೆಂಡಿನ ಒಳಮಗ್ಗುಲಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡಿತು. ನೋಡನೋಡುತ್ತ ಕಡಲೆಯಷ್ಟಾಯಿತು, ಒಡೆಯಿತು, ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ಅದರ ಕೆಳಗಿನ ಬೆಂಡಿನಲ್ಲಿ ಗುಳ್ಳೆ ಅಲ್ಲ, ಸಣ್ಣ ಬಿಳೀ ನೊರೆ ತಾನಾಗಿ ಹೆಣೆದುಕೊಳ್ಳುತ್ತಿತ್ತು. ಅಂದರೆ ಅಲ್ಲಿ ಇನ್ನೂ ಸೂಕ್ಷ್ಮವಾದ ತೂತು.

"ನಟ್ಟಿನದ್ದು ತಪ್ಪಲ್ಲ. ನಿಮ್ಮ ನಾಲೆಯದ್ದು," ಅಂದರು ಭಾವ.

ನಮ್ಮ ಕೋಣೆಯ ಕಿಟಕಿ ಕೊಳಚೆ ನೀರಿನ ನಾಲೆಯ ಕಡೆಗಿದೆ. ಮಾಹಿಮ್ ಖಾಡಿಯಲ್ಲಿ ಮಿಠಿ ನದಿ ಸಮುದ್ರ ಸೇರುತ್ತದೆ, ಇಳಿತದ ಹೊತ್ತಿನ ವಾಸನೆ ಈ ಕಡೆಯವರಿಗೆಲ್ಲ ಗೊತ್ತು. ಕೊಳಚೆ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನ್ನುವ ಗ್ಯಾಸ್ ತಾಮ್ರಕ್ಕೆ ಶತ್ರು. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ. ತಾಮ್ರದ ಮೇಲೆ ಕಪ್ಪು ಸಲ್ಫೈಡ್ ಕಟ್ಟಿಸಿ ಒಳಗೊಳಗೇ ತಿನ್ನುತ್ತದೆ. ಒದ್ದೆ ಇದ್ದರೆ ಇನ್ನೂ ಸಲೀಸು. ಕೂಲಿಂಗ್ ಕಾಯಿಲ್ ರಾತ್ರಿಯೆಲ್ಲ ನೀರು ಸುರಿಸುತ್ತ ಒದ್ದೆಯಾಗಿಯೇ ಇರುತ್ತದೆ. ಹಾಲ್‌ನ ಕಾಯಿಲ್ ವರ್ಷದಲ್ಲಿ ಹತ್ತು ತಿಂಗಳು ಒಣಗಿ ಕೂತಿರುತ್ತದೆ, ಕಿಟಕಿಯೂ ರಸ್ತೆಯ ಕಡೆಗೆ. ಇದಲ್ಲದೆ ಆಗಿನ ಪೈಪು ದಪ್ಪ, ಈಗಿನದು ತೆಳು ಅಂತ ಭಾವನ ದೂರು.

ಬೆಸುಗೆ ಹಾಕಿ ಮುಚ್ಚಬಹುದಲ್ಲ? ಭಾವ ಒಪ್ಪಲಿಲ್ಲ. ಎರಡು ತೂತು ಕಂಡಿವೆ. ಕಪ್ಪಾದ ಉಳಿದ ಬೆಂಡುಗಳು ಸರದಿಯಲ್ಲಿವೆ. ಒಂದು ಮುಚ್ಚುವಾಗಿನ ಬಿಸಿಗೇ ಪಕ್ಕದ್ದು ಬಾಯಿ ಬಿಡುತ್ತದೆ. ಹೊರಗೆ ಬೆಲ್ಟ್ ಕಟ್ಟಿದ ಹುಡುಗ ಔಟ್‌ಡೋರ್‌ನ ಪಿಸಿಬಿ ಫೋಟೋ ತೆಗೆದು ತೋರಿಸಿದ. ಅಲ್ಲಿ ರಿಲೇಯ ಕಾಲುಗಳು, ಕನೆಕ್ಟರ್ ಪಿನ್‌ಗಳು ಕೂಡ ಕಪ್ಪು. ತೀರ್ಮಾನವನ್ನು ಅರ್ಧ ಮಾಡಿದ್ದು ಆ ಫೋಟೋ.

ಅರ್ಧ ಬೆಲೆಯ ಲೆಕ್ಕ

ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಬದಲಿಸು, ದಾಟದಿದ್ದರೆ ರಿಪೇರಿ ಮಾಡಿಸು ಅಂತ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಕಂಪನಿಯ ಸರ್ವೀಸ್‌ನವರು ಕೊಟ್ಟ ಕೋಟೇಷನ್: ಹೊಸ ಕೂಲಿಂಗ್ ಕಾಯಿಲ್ 9,800, ಗ್ಯಾಸ್ ಚಾರ್ಜಿಂಗ್ 3,200, ಕೂಲಿ 1,500. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 17,110. ಹೊಸ ಒಂದು ಟನ್ ಐದು ಸ್ಟಾರ್ 38,500. ಅರ್ಧಕ್ಕಿಂತ ಕಡಿಮೆ. ಲೆಕ್ಕದ ಪ್ರಕಾರ ರಿಪೇರಿ ಮಾಡಿಸಬೇಕು. ವಾರಂಟಿ ಕಾರ್ಡಿನಲ್ಲಿ ಕಂಪ್ರೆಸರ್‌ಗೆ 10 ವರ್ಷ ಅಂತ ದಪ್ಪ ಅಕ್ಷರದಲ್ಲಿತ್ತು, ಕಾಯಿಲ್‌ಗೆ ಒಂದೇ ವರ್ಷ ಅಂತ ಸಣ್ಣ ಅಕ್ಷರದಲ್ಲಿ. ಕೆಟ್ಟದ್ದು ಕಾಯಿಲ್. ಕಂಪ್ರೆಸರ್ ಗಟ್ಟಿಮುಟ್ಟಾಗಿದೆ!

ನನ್ನ ಮಟ್ಟಿಗೆ ಆ ಅರ್ಧ ಬೆಲೆಯ ಲೆಕ್ಕದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಈ ರಿಪೇರಿಯ ನಂತರ ಮುಂದಿನದ್ದು ಯಾವಾಗ? ಹಾಲ್‌ನದ್ದರಲ್ಲಿ ಕೆಟ್ಟದ್ದು ಸವೆಯುವ ಬಿಡಿಭಾಗ. ಬದಲಿಸಿದರೆ ಉಳಿದ ಯಂತ್ರಕ್ಕೆ ಏನೂ ಆಗಿಲ್ಲ. ಕೋಣೆಯದ್ದರಲ್ಲಿ ಕಾಯಿಲ್‌ನ ಹಿಂದೆಯೇ ಪಿಸಿಬಿ ನಿಂತಿದೆ. ಇನ್ವರ್ಟರ್ ಪಿಸಿಬಿಗೆ ಇನ್ನೊಂದು ಎಂಟು ಹತ್ತು ಸಾವಿರ. ಎರಡೂ ಕೂಡಿದರೆ ಅರ್ಧ ಅಲ್ಲ, ಮುಕ್ಕಾಲರ ಹತ್ತಿರ. ಹೊಸ ಕಾಯಿಲ್ ಕೂಡ ಹಳೇದರ ಹಾಗೆಯೇ ಬರಿ ತಾಮ್ರದ್ದು. ಅದೇ ಕಿಟಕಿ, ಅದೇ ನಾಲೆ.

ಕರೆಂಟ್ ಉಳಿತಾಯದ ಮಾತು ಇಲ್ಲೂ ಅಷ್ಟೇನೂ ಗೆಲ್ಲಲಿಲ್ಲ. ಸ್ಟಾರ್ ಕೊಡುವ ಸರ್ಕಾರಿ ಸಂಸ್ಥೆ ಬಿಇಇಯ ಲೇಬಲ್ ಮೇಲೆ ವರ್ಷದ ಯುನಿಟ್ ಬರೆದಿರುತ್ತಾರಲ್ಲ, ಅದು 1,600 ಗಂಟೆಗೆ ಹಾಕಿದ ಲೆಕ್ಕ. ನಮ್ಮ ಕೋಣೆಯದ್ದು ಸುಮಾರು ಅಷ್ಟೇ ಓಡುತ್ತದೆ. ಹಳೇ ಮೂರು ಸ್ಟಾರಿಗೂ ಹೊಸ ಐದು ಸ್ಟಾರಿಗೂ ನಡುವೆ 190 ಯುನಿಟ್ ವ್ಯತ್ಯಾಸ. ವರ್ಷಕ್ಕೆ 2,300 ರೂಪಾಯಿ. ಬೆಸ್ಟ್ (ನಮ್ಮ ಕಡೆ ಕರೆಂಟ್ ಕೊಡುವ ಸಂಸ್ಥೆ) ಬಿಲ್‌ನಲ್ಲಿ 300 ಯುನಿಟ್ ದಾಟಿದರೆ ದರ ಇನ್ನೊಂದು ಮೆಟ್ಟಿಲು ಏರುತ್ತದೆ, ಬೇಸಿಗೆಯ ಎಸಿ ಯುನಿಟ್‌ಗಳು ಆ ಮೆಟ್ಟಿಲಿನ ಮೇಲೇ ಕೂರುತ್ತವೆ. ಹಾಗಾಗಿ ಇನ್ನೂ ಸ್ವಲ್ಪ ಜಾಸ್ತಿ ಸಿಗಬಹುದು. ಆದರೂ ಬರೀ ಕರೆಂಟಿಗಾಗಿ ಚೆನ್ನಾಗಿರುವ ಎಸಿ ತೆಗೆಯುವುದು ದಂಡ. ಗ್ಯಾಸ್ ಅರ್ಧ ಇರುವ ಇನ್ವರ್ಟರ್ ಮಾತ್ರ ಬೇರೆ ಥರದ ದಂಡ. ತಂಪು ಮುಟ್ಟಲಾರದೆ ರಾತ್ರಿಯೆಲ್ಲ ಪೂರ್ತಿ ವೇಗದಲ್ಲಿ ಓಡುತ್ತದೆ. ಇನ್ವರ್ಟರ್ ಅನ್ನುವ ಹೆಸರಿಗೆ ಅರ್ಥವೇ ಇರುವುದಿಲ್ಲ.

ಹಾಗಾಗಿ ಕೋಣೆಗೆ ಹೊಸದು ಅಂತ ಆಯಿತು.

ತರುವಾಗ, ಕೂರಿಸುವಾಗ

2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಾಗಾಗಿ ಹಳೇ ಬೆಲೆಗಳನ್ನು ನೆನಪಿಟ್ಟುಕೊಂಡು ಹೋಲಿಸಬೇಡಿ. ಸ್ಟಾರ್ ಎಣಿಸುವುದೂ ಬೇಡ, ಐಎಸ್‌ಇಇಆರ್ ಅಂಕಿ ನೋಡಿ. 2018ರಲ್ಲಿ 4.5 ಇದ್ದರೆ ಐದು ಸ್ಟಾರ್. 2022ರ ಜುಲೈಯಿಂದ ಅದಕ್ಕೆ 5 ಬೇಕಾಯಿತು. ಸ್ಟಾರ್ ಅಷ್ಟೇ ಇದ್ದರೂ ವರ್ಷ ಬೇರೆಯಾದರೆ ಯಂತ್ರ ಬೇರೆ.

ಅಂಗಡಿಯಲ್ಲಿ ಎಲ್ಲರೂ ನೀಲಿ ಫಿನ್ ತೋರಿಸುತ್ತಾರೆ. ಆ ಬಣ್ಣ ಅಲ್ಯೂಮಿನಿಯಂ ಫಿನ್‌ಗೆ ರಕ್ಷಣೆ, ಉಪ್ಪುಗಾಳಿಗೆ ಒಳ್ಳೆಯದೇ. ಆದರೆ ನಮಗೆ ತೂತಾದದ್ದು ಫಿನ್ ಅಲ್ಲ, ಅದರ ಪಕ್ಕದ ಬೆಂಡುಗಳು. 'ತಾಮ್ರದ ಪೈಪಿಗೂ ಬೆಂಡಿಗೂ ಲೇಪ ಇದೆಯಾ?' ಅಂತ ಕೇಳಿದಾಗ ಹೆಚ್ಚಿನವರು ಬ್ರೋಷರ್ ತಿರುವಿದರು. ಒಬ್ಬ ಸೇಲ್ಸ್ ಹುಡುಗ ಮಾತ್ರ ಡೆಮೋ ಪೀಸಿನ ಮುಚ್ಚಳ ಎತ್ತಿ ಟಾರ್ಚ್ ಹಾಕಿ ತೋರಿಸಿದ. ಅವನ ಹತ್ತಿರವೇ ತಗೊಂಡೆವು.

ಕೂರಿಸುವ ದಿನ ಬಂದ ಹುಡುಗರ ಹತ್ತಿರ ವ್ಯಾಕ್ಯೂಮ್ ಪಂಪ್ ಇರಲಿಲ್ಲ. ಗ್ಯಾಸ್ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಹೊರಹಾಕುತ್ತೇವೆ ಅಂದರು. ಬೇಡ ಅಂದೆ. ಹಾಗೆ ಮಾಡಿದರೆ ಪೈಪಿನ ತೇವ ಒಳಗೇ ಉಳಿಯುತ್ತದೆ, ತೂಕ ಮಾಡಿ ತುಂಬಿದ ಗ್ಯಾಸ್ ಕಮ್ಮಿಯಾಗುತ್ತದೆ. ಆ ಗ್ಯಾಸ್ ಬೆಂಕಿ ಹಿಡಿಯುವಂಥದ್ದು ಬೇರೆ. ಗೊಣಗಿದರು. ಮಧ್ಯಾಹ್ನ ಪಂಪ್ ತಂದರು. ಎಳೆದು, ನಿಲ್ಲಿಸಿ, ಇಪ್ಪತ್ತು ನಿಮಿಷ ಗೇಜು ಅಲ್ಲಾಡದೆ ನಿಂತದ್ದನ್ನು ನೋಡಿದ ಮೇಲೆ ವಾಲ್ವ್ ತೆರೆಯಲು ಹೇಳಿದೆ. ಹಳೇ ತಾಮ್ರದ ಪೈಪು ಅಳತೆಗೆ ಸರಿಹೊಂದುತ್ತಿತ್ತು, ಆದರೆ ಕಿಟಕಿ ಹತ್ತಿರದ ಭಾಗ ಕಪ್ಪಾಗಿತ್ತು. ಪೂರ್ತಿ ಹೊಸದು ಹಾಕಿಸಿದೆವು.

ಕೊನೆಗೆ ನೀರಿನ ಪೈಪು. ಮುಂಬೈಯಲ್ಲಿ ಎಸಿ ಜಗಳಗಳಲ್ಲಿ ಅರ್ಧ ಈ ನೀರಿನದ್ದೇ. ಮೊದಲಿನದು ಕೆಳಗಿನ ಮನೆಯ ಆಜಿಯ ಬಟ್ಟೆ ಒಣಹಾಕುವ ತಂತಿ ಮೇಲೆ ತೊಟ್ಟಿಕ್ಕುತ್ತಿತ್ತು. ಈ ಸಲ ಇಳಿಜಾರು ಕೊಟ್ಟು ಬಿಲ್ಡಿಂಗ್‌ನ ಪೈಪಿಗೆ ಸೇರಿಸಿದೆವು. ಟ್ರೇಗೆ ಒಂದು ಬಾಟಲಿ ನೀರು ಹೊಯ್ದು, ಎಲ್ಲೂ ನಿಲ್ಲದೆ ಹೋಗುತ್ತದಾ ನೋಡಿದೆ. ಹುಡುಗರು ಹೋದ ಮೇಲೆ ಇದನ್ನು ನೋಡಿ ಪ್ರಯೋಜನವಿಲ್ಲ.

ಹಳೇ ಯುನಿಟ್‌ಗೆ ಅಂಗಡಿಯವರ ಎಕ್ಸ್‌ಚೇಂಜ್ 2,500. ಭಂಗಾರ್‌ವಾಲಾ, ಅಂದರೆ ಗುಜರಿಯವನು, ತಾಮ್ರದ ಆಸೆಗೆ 3,200 ಅಂದ. ಗ್ಯಾಸ್ ಒಳಗಿದ್ದಿದ್ದರೆ ಅವನು ಪೈಪ್ ಕತ್ತರಿಸಿ ಗಾಳಿಗೆ ಬಿಡುತ್ತಿದ್ದ. ಆರ್-32 ಓಝೋನ್‌ಗೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಒಂದು ಕಿಲೋ 675 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ನಮ್ಮದರಲ್ಲಿ ಗ್ಯಾಸ್ ಭಾವನ ಸಿಲಿಂಡರ್ ಸೇರಿಯಾಗಿತ್ತು. ಆದರೂ ಇ-ತ್ಯಾಜ್ಯದ ನಿಯಮದ ಪ್ರಕಾರ ಕಂಪನಿಯ ದಾರಿಯಲ್ಲೇ ಹೋಗಲಿ ಅಂತ ಎಕ್ಸ್‌ಚೇಂಜ್‌ಗೇ ಕೊಟ್ಟೆವು. ಯಜಮಾನರಿಗೆ ಆ 700 ರೂಪಾಯಿ ಇನ್ನೂ ಹೊಟ್ಟೆಯಲ್ಲಿ ಕೂತಿದೆ. ಔಟ್‌ಡೋರ್ ಫ್ಯಾನ್ ಮೋಟಾರ್ ಮಾತ್ರ ಭಾವ ಬಿಚ್ಚಿಟ್ಟುಕೊಳ್ಳೋಣ ಅಂದಿದ್ದರು, ಆದರೆ ಎಕ್ಸ್‌ಚೇಂಜ್‌ಗೆ ಯಂತ್ರ ಪೂರ್ತಿ ಇರಬೇಕಂತೆ. ಬಿಟ್ಟೆವು.